ನೂರಕ್ಕೆ ಎಷ್ಟು

ಮಂಡಿಪೇಟೆಯಲ್ಲಿ ಮೂವತ್ತೊಂದು ವರ್ಷ
ಲೆಕ್ಕ ಬರೆದವನು ನಾನು.
ತೂಕದವನಿಗೆ ಇಷ್ಟು, ಹಮಾಲನಿಗೆ ಇಷ್ಟು,
ದಲಾಲಿ ನೂರಕ್ಕೆ ಇಷ್ಟು,
ಚೀಲ ಹೊಲಿದ ದಾರಕ್ಕೂ ಒಂದು ಸಾಲು;
ದೇವರ ಹೆಸರಲ್ಲಿ ಮುರಿದುಕೊಂಡ ಚಿಲ್ಲರೆಗೂ
ಪುಸ್ತಕದ ಕೊನೆಗೆ ಒಂದು ಮನೆ ಇದೆ.

ಇಲ್ಲದ್ದು ಒಂದೇ:
ಎಲೆ ಹಾಸಿ, ನೀರಿಟ್ಟು,
"ಒಂದ್ ಖಾಲಿ, ಒಂದ್ ಬೆಣ್ಣೆ" ಎಂದು
ಒಲೆಯ ಕಡೆ ಕೂಗಿದವನ ಖಾತೆ.

ಅಪ್ಪ ಬಿಡುತ್ತಿದ್ದದ್ದು ನಾಲ್ಕಾಣೆ,
ಸೋಂಪಿನ ತಟ್ಟೆಯಲ್ಲಿ, ಸೋಂಪಿನ ಕೆಳಗೆ.
ಮಾಲೀಕನ ಕಣ್ಣಿಗೆ ಬೀಳದಿರಲಿ ಅಂತಲೋ
ನನ್ನ ಕಣ್ಣಿಗೋ, ಕೇಳಲಿಲ್ಲ.
ಸೋದರಮಾವ ಬೇರೆ ಥರದ ಮನುಷ್ಯ:
ನೋಟನ್ನು ಎತ್ತಿ ಹಿಡಿದು
ಇಡೀ ಹೋಟೆಲು ನೋಡಿದ ಮೇಲೆ
"ಇಟ್ಕೋ" ಅನ್ನುವನು.
ಇಬ್ಬರ ನಡುವೆ ಬೆಳೆದ ನನ್ನ ಕೈ
ಇವತ್ತಿಗೂ ಜೇಬಿನ ಬಾಯಲ್ಲೇ ತಡೆಯುತ್ತದೆ.

ಅಳಿಯ ಹುಬ್ಬಳ್ಳಿಯಿಂದ ಬಂದಾಗ ತೀರ್ಪು ಕೊಟ್ಟ:
ನೂರಕ್ಕೆ ಹತ್ತು, ಅದೇ ಪದ್ಧತಿ ಮಾವ.
ಹಾಗಾದರೆ ಬರೀ ಕಾಫಿ ಕುಡಿದರೆ ಒಂದೂವರೆ ರೂಪಾಯಿಯೇ?
ದೋಸೆ ಹೊತ್ತ ಮೊಣಕೈಗೂ ಕಾಫಿ ಹೊತ್ತ ಮೊಣಕೈಗೂ
ಬೇರೆ ಬೇರೆ ನೋವೇ?
ಅಳಿಯ ಬೀಡಾ ತರಲು ಹೋದ.

ಕಡಿಮೆ ಕೊಟ್ಟರೆ ಜಿಪುಣ, ಹೆಚ್ಚು ಕೊಟ್ಟರೆ ಜಂಬ,
ಕೊಡದೆ ಎದ್ದರೆ ಬಾಗಿಲವರೆಗೂ ಬೆನ್ನು ಉರಿಯುತ್ತದೆ.
ಅವನೂ ಕಮ್ಮಿಯಲ್ಲ.
ಐವತ್ತರ ಇಡಿ ನೋಟು ಎಂದೂ ತರುವುದಿಲ್ಲ;
ಹತ್ತು, ಹತ್ತು, ಐದು ಎಂದು ಒಡೆಸಿ ತರುತ್ತಾನೆ,
ತಟ್ಟೆ ಇಟ್ಟು
ಪಕ್ಕದ ಟೇಬಲ್ಲು ಒರೆಸುತ್ತಾನೆ,
ಆಗಲೇ ಒರೆಸಿದ್ದನ್ನು.

ಬೆಣ್ಣೆಯ ಸಂಗತಿ ಇನ್ನೊಂದು.
ಕೇಳದೆಯೇ ನನ್ನ ದೋಸೆಗೆ ಎರಡನೇ ಉಂಡೆ ಬೀಳುತ್ತದೆ.
ಬೆಣ್ಣೆ ಮಾಲೀಕನದು.
ನಾನು ಕೊಡುವುದು ಕೂಲಿಯೋ, ಕಳ್ಳಮಾಲಿನ ಪಾಲೋ?
ಈ ದಾವಣಗೆರೆಯಲ್ಲಿ
ಬೆಣ್ಣೆ ಹಚ್ಚುವವರು ಯಾರು, ಹಚ್ಚಿಸಿಕೊಳ್ಳುವವರು ಯಾರು,
ಲೆಕ್ಕ ಬರೆಯುವವನಿಗೂ ಬಗೆಹರಿದಿಲ್ಲ.

ಈಗ ಗಲ್ಲಾದ ಮೇಲೊಂದು ಡಬ್ಬಿ ಕೂತಿದೆ.
ಚೌಕದ ಚುಕ್ಕಿಗಳಿಗೆ ಫೋನು ತೋರಿಸಿದರೆ
ಹೆಣ್ಣು ದನಿಯಲ್ಲಿ ಊರಿಗೆಲ್ಲ ಸಾರುತ್ತದೆ:
ನೂರಾ ಮೂವತ್ತು ರೂಪಾಯಿ ಬಂದಿದೆ.
ನೂರಾ ನಲವತ್ತು ಒತ್ತಿದರೆ
ಆ ಹತ್ತೂ ಡಬ್ಬಿಯ ಹೊಟ್ಟೆಗೇ.
ಜೇಬಿನಲ್ಲಿ ನೋಟಿಲ್ಲ, ನಾಣ್ಯವಿಲ್ಲ.
ಸೋಂಪು ಇದೆ. ಅದರ ಕೆಳಗೆ ತಟ್ಟೆಯ ತಳ.

ಒಂದು ಶನಿವಾರ ಸಂಕೋಚ ಬಿಟ್ಟು ಕೇಳಿದೆ:
"ನಿನ್ನ ನಂಬರ್ ಹೇಳಪ್ಪ."
ಅಡುಗೆಮನೆಯ ಪರದೆ ನೋಡಿದ, ಗಲ್ಲಾ ನೋಡಿದ,
ಜಗ್ಗು ಬಗ್ಗಿಸಿ ನೀರು ಸುರಿಯುತ್ತ
ಲೋಟ ತುಂಬುವುದರೊಳಗೆ
ಹತ್ತೂ ಅಂಕಿ ಹೇಳಿ ಮುಗಿಸಿದ.

ಫೋನಿನಲ್ಲಿ ಹೆಸರು ಮೂಡಿತು:
ಗುತ್ಯಪ್ಪ ಮೈಲಾರಪ್ಪ.

ಹನ್ನೆರಡು ವರ್ಷ ನಾನು ಕರೆದದ್ದು
"ಏ ತಮ್ಮಾ", "ಇಲ್ಲಿ ನೋಡು",
ಅವಸರಕ್ಕೆ ಬರೀ ಚಿಟಿಕೆ.
ಚಿಟಿಕೆಗೂ ತಿರುಗಿ ಬಂದಿದ್ದ ಗುತ್ಯಪ್ಪ.

ಹೆಸರಿನ ಕೆಳಗೆ ಒಂದು ಬರಿದು ಮನೆ,
ಒಳಗೆ ಒಂದು ಗೆರೆ ಮಿಣುಕುತ್ತ
ಮೊತ್ತ, ಮೊತ್ತ ಅನ್ನುತ್ತಿದೆ.
ತಮ್ಮನಿಗಾದರೆ ಹತ್ತು ಸಾಕಾಗಿತ್ತು.
ಮೈಲಾರಪ್ಪನ ಮಗ ಗುತ್ಯಪ್ಪನಿಗೆ ಎಷ್ಟು?
ಇಪ್ಪತ್ತು ಒತ್ತಿದೆ, ಅಳಿಸಿದೆ. ಐವತ್ತು ಒತ್ತಿ
ಅಳಿಸುವಾಗ ಅವನು ನೋಡಿಬಿಟ್ಟ.

"ಲಗೂನ ನೋಡ್ರಿ ಸಾಹೇಬ್ರ,
ಆ ಕಡೆ ಟೇಬಲ್ಲಿನ ದೋಸೆ ಆರ್ತೈತೆ."

ಎಷ್ಟು ಹಾಕಿದೆ ಎಂದು ಇಲ್ಲಿ ಬರೆಯುವುದಿಲ್ಲ,
ಅಪ್ಪನ ಮಗ ನಾನು.
ಅವನ ಜೇಬಿನಲ್ಲಿ ಏನೋ ಸಣ್ಣಗೆ ನಡುಗಿತು.
ತೆಗೆದು ನೋಡಲಿಲ್ಲ.
ನಾನು ಎದ್ದ ಜಾಗಕ್ಕೆ ಒಮ್ಮೆ ಬಟ್ಟೆ ಎಳೆದು
"ಒಂದ್ ಖಾಲಿ" ಎಂದು ಕೂಗಿದ.